ಮಿಸ್ಡ್ ಕಾಲ್‌ಗೆ ಓಗೊಡುವ ಮನೆ

ಮುಂಡರಗಿ, ಶಿರಹಟ್ಟಿ ಕಡೆಯ ಹೊಲಗಳಲ್ಲಿ ಪಂಪ್‌ಸೆಟ್ಟಿನ ಸ್ಟಾರ್ಟರ್ ಡಬ್ಬಿಯೊಳಗೆ ಒಂದು ಸಿಮ್ ಕಾರ್ಡ್ ಕೂತಿರುವುದು ಈಗ ಯಾರಿಗೂ ಸೋಜಿಗವಲ್ಲ. ಸರಿರಾತ್ರಿ ತ್ರೀಫೇಸ್ ಬಂದರೆ ರೈತ ಮನೆಯಿಂದಲೇ ಆ ನಂಬರಿಗೆ ರಿಂಗ್ ಕೊಡುತ್ತಾನೆ. ಎರಡು ಮೂರು ರಿಂಗಿಗೆ ಕಾಲ್ ತಾನೇ ಕಟ್ಟಾಗುತ್ತದೆ, ಅತ್ತ ಹೊಲದಲ್ಲಿ ಮೋಟರ್ ತಿರುಗತೊಡಗುತ್ತದೆ. ಕಪ್ಪತಗುಡ್ಡದ ಸೆರಗಿನ ಹೊಲಗಳಿಗೆ ಕತ್ತಲೆಯಲ್ಲಿ ಬ್ಯಾಟರಿ ಹಿಡಿದು ಹೋಗುವುದೆಂದರೆ ಹಾವು, ಹಂದಿ, ಚಿರತೆಗಳ ಭಯವನ್ನು ಹೊತ್ತುಕೊಂಡೇ ಹೋಗುವುದು. ಆ ನಡಿಗೆಯನ್ನು ತಪ್ಪಿಸಿದ ಡಬ್ಬಿಯನ್ನು ನಮ್ಮ ಕಾಲದ ದೊಡ್ಡ ಉಪಕಾರಗಳಲ್ಲಿ ಒಂದೆಂದೇ ನಾನು ಎಣಿಸುತ್ತೇನೆ.

ಜಾಹೀರಾತುಗಳಲ್ಲಿ ಸ್ಮಾರ್ಟ್ ಹೋಮ್ ಅಂದರೆ ಬಣ್ಣ ಬದಲಿಸುವ ಬಲ್ಬು, ಮಾತಾಡುವ ಸ್ಪೀಕರ್. ನಮ್ಮ ಗದಗ ಜಿಲ್ಲೆಯಲ್ಲಿ ಅದು ಬೋರಿನ ಬಾಯಿಂದ ಶುರುವಾಯಿತು. 2003ರ ಮೇ ತಿಂಗಳಲ್ಲಿ ದೇಶದಲ್ಲಿ ಒಳಬರುವ ಕರೆ ಉಚಿತವಾದ ಮೇಲೆ ಮಿಸ್ಡ್ ಕಾಲ್ ಕೊಡುವುದು ಕಾಸಿಲ್ಲದ ಸಂದೇಶವಾಯಿತು. ಪುಣೆಯ ಎಂಜಿನಿಯರ್ ಸಂತೋಷ್ ಓಸ್ತ್ವಾಲ್ ಅದೇ ಹಾದಿಯಲ್ಲಿ ‘ನ್ಯಾನೋ ಗಣೇಶ್’ ಎಂಬ ಮೊಬೈಲ್ ಸ್ಟಾರ್ಟರ್ ರೂಪಿಸಿ, 2009ರಲ್ಲಿ ನೋಕಿಯಾ ಕಂಪನಿಯ ಜಾಗತಿಕ ಸ್ಪರ್ಧೆಯಲ್ಲಿ ಬಹುಮಾನ ಗೆದ್ದರು. ಆಮೇಲೆ ಇಂಥ ಡಬ್ಬಿಗಳು ಹತ್ತಾರು ಹೆಸರಿನಲ್ಲಿ ಪೇಟೆಗೆ ಬಂದವು.

ಹೊಲದಲ್ಲಿ ನಡೆದದ್ದು ಮನೆಯಲ್ಲೂ ನಡೆಯಲಿ ಎಂದು ಬಯಸುವವರು ಈಗ ಹೆಚ್ಚುತ್ತಿದ್ದಾರೆ. ಗದಗ-ಬೆಟಗೇರಿಯವರಿಗೆ ನಳದ ನೀರಿಗಾಗಿ ದಿನ ಎಣಿಸುವುದು ಎಂದರೇನೆಂದು ಹೇಳಬೇಕಿಲ್ಲ. ನೀರು ಬಂದ ಹೊತ್ತಿಗೆ ಮನೆಯಲ್ಲಿ ಯಾರೂ ಇಲ್ಲದಿದ್ದರೆ ತೊಟ್ಟಿ ತುಂಬದು. ತುಂಬಿದ ಮೇಲೂ ಮೋಟರ್ ಬಂದ್ ಮಾಡುವವರಿಲ್ಲದಿದ್ದರೆ ಚೆಲ್ಲಿ ಹೋಗುವುದೂ ಅದೇ ನೀರು. ಲಕ್ಷ್ಮೇಶ್ವರದಲ್ಲಿ ವಯಸ್ಸಾದ ತಂದೆ ತಾಯಿ ಇಬ್ಬರೇ, ಮಕ್ಕಳು ಬೆಂಗಳೂರು, ಪುಣೆಯಲ್ಲಿ. ಕರೆಂಟ್ ಇದೆಯೋ ಇಲ್ಲವೋ, ಗ್ಯಾಸ್ ಸೋರಿದರೆ ಯಾರಿಗೆ ತಿಳಿಯಬೇಕು, ಅಮ್ಮ ಗುಂಡಿ ಒತ್ತಿದರೆ ಮಗನ ಫೋನ್ ರಿಂಗಾಗುವಂತೆ ಮಾಡಬಹುದೇ? ಇವೆಲ್ಲ ಮಾಡಬಹುದಾದ ಕೆಲಸಗಳೇ. ಹೋಮ್ ಅಸಿಸ್ಟೆಂಟ್ ಎಂಬ ಉಚಿತ, ಮುಕ್ತ ತಂತ್ರಾಂಶ 2013ರಿಂದ ಬೆಳೆಯುತ್ತ ಬಂದಿದೆ. ಅಂಗೈ ಅಗಲದ ರಾಸ್ಪ್‌ಬೆರಿ ಪೈ ಕಂಪ್ಯೂಟರಿನಲ್ಲಿ ಅದು ಸಲೀಸಾಗಿ ನಡೆಯುತ್ತದೆ. ತೊಡಕು ಇರುವುದು ಆ ಕಂಪ್ಯೂಟರಿಗೆ ಫೋನಿನ ಕಿವಿ, ಬಾಯಿ ಜೋಡಿಸುವಲ್ಲಿ. ಯಾವ ಯಂತ್ರ ಕೊಳ್ಳಬೇಕು, ಅದಕ್ಕೆ ಡ್ರೈವರ್ ಎಲ್ಲಿಯದು ಎಂಬಲ್ಲಿಗೆ ಬಂದು ಬಹಳ ಜನ ಸೋತು ಕೈಬಿಡುತ್ತಾರೆ.

ವೈಫೈ ಇದ್ದ ಮೇಲೆ ಫೋನ್ ಯಾಕೆ ಎಂದು ಕೇಳುವವರಿದ್ದಾರೆ. ವೈಫೈ ಪ್ಲಗ್ಗುಗಳಲ್ಲಿ ಬಹುಪಾಲು ದೂರದೇಶದ ಸರ್ವರನ್ನು ಕೇಳಿಯೇ ಕೆಲಸ ಮಾಡುವಂಥವು. ಮಳೆಗಾಲದಲ್ಲಿ ಫೈಬರ್ ಕತ್ತರಿಸಿದರೆ ಅವು ಸುಮ್ಮನಾಗುತ್ತವೆ, ಕಂಪನಿ ಮುಚ್ಚಿದರೆ ಶಾಶ್ವತವಾಗಿ ಸುಮ್ಮನಾಗುತ್ತವೆ. ಡೇಟಾ ಎಳೆಯದಷ್ಟು ದುರ್ಬಲ ಸಿಗ್ನಲ್ಲಿನಲ್ಲೂ ಒಂದು ರಿಂಗ್, ಒಂದು ಎಸ್ಸೆಮ್ಮೆಸ್ ದಾಟಿಬಿಡುತ್ತದೆ. ಎಪ್ಪತ್ತು ವರ್ಷದ ಹಿರಿಯರಿಗೆ ಆ್ಯಪ್ ಕಲಿಸಬೇಕಾಗುತ್ತದೆ, ರಿಂಗ್ ಕೊಡುವುದನ್ನು ಯಾರೂ ಕಲಿಸಬೇಕಿಲ್ಲ. ನನ್ನ ಮಟ್ಟಿಗೆ ಈ ಕೊನೆಯ ಮಾತೇ ದೊಡ್ಡದು.

ಈ ವಿಷಯದಲ್ಲಿ ನಮ್ಮ ಸೀಮೆಗೇ ಒಂದು ಹಳೆಯ ಉದಾಹರಣೆ ಇದೆ. 1984ರಲ್ಲಿ ಹುಟ್ಟಿದ ಸಿ-ಡಾಟ್ ಸಂಸ್ಥೆ ತನ್ನ ಮೊದಲ ಗ್ರಾಮೀಣ ಸ್ವಯಂಚಾಲಿತ ಎಕ್ಸ್‌ಚೇಂಜನ್ನು 1986ರಲ್ಲಿ ನಿಲ್ಲಿಸಿದ್ದು ಕಿತ್ತೂರಿನಲ್ಲಿ. 128 ಪೋರ್ಟಿನ ಆ ಪುಟ್ಟ ಎಕ್ಸ್‌ಚೇಂಜ್ ಹವಾನಿಯಂತ್ರಣವಿಲ್ಲದ ಕೋಣೆಯಲ್ಲಿ, ಧೂಳು ಸೆಕೆಯ ನಡುವೆ ನಡೆಯಬೇಕೆಂಬುದನ್ನು ಲೆಕ್ಕಕ್ಕಿಟ್ಟೇ ಅದನ್ನು ರೂಪಿಸಿದ್ದರು. ಆಗಿನ ವಿದೇಶಿ ಎಕ್ಸ್‌ಚೇಂಜುಗಳಿಗೆ ತಣ್ಣನೆಯ ಕೋಣೆ ಬೇಕಿತ್ತು. ಇಲ್ಲಿಯ ಹವೆ, ಇಲ್ಲಿಯ ಕರೆಂಟು, ಇಲ್ಲಿಯ ಲೈನು ನೋಡಿಕೊಂಡು ಯಂತ್ರ ಆರಿಸುವ ಆ ಕ್ರಮವನ್ನೇ ಮನೆಯ ಕಂಪ್ಯೂಟರಿಗೆ ಫೋನ್ ಜೋಡಿಸುವ ಮೋಡೆಮ್ ಕೊಳ್ಳುವಾಗಲೂ ಹಿಡಿಯಬೇಕು.

ಈಗ ಡ್ರೈವರ್ ವಿಚಾರಕ್ಕೆ ಬರೋಣ. ಕಂಪ್ಯೂಟರಿಗೂ ಮೋಡೆಮಿಗೂ ನಡುವೆ ನಿಂತ ದುಭಾಷಿಯೇ ಡ್ರೈವರ್. ಎಲ್ಲರಿಗೂ ಗೊತ್ತಿರುವ ಮಾತನ್ನೇ ಮೋಡೆಮ್ ಆಡಿದರೆ ಈ ದುಭಾಷಿ ಕಂಪ್ಯೂಟರಿನಲ್ಲಿ ಮೊದಲೇ ಇರುತ್ತಾನೆ. ಕಂಪನಿಯೊಂದರ ಗುಟ್ಟಿನ ಮಾತನ್ನು ಆಡಿದರೆ ಅವನನ್ನು ಕಂಪನಿಯೇ ಕಳಿಸಿಕೊಡಬೇಕು, ಅದು ಕೈಬಿಟ್ಟ ದಿನ ಒಳ್ಳೆಯ ಯಂತ್ರವೂ ಮೂಕವಾಗುತ್ತದೆ. 2000ದ ಆಸುಪಾಸಿನಲ್ಲಿ ಕಂಪ್ಯೂಟರಿನೊಂದಿಗೆ ಬರುತ್ತಿದ್ದ ‘ವಿನ್‌ಮೋಡೆಮ್’ಗಳ ಗತಿ ಹೀಗೇ ಆಯಿತು. ಮೋಡೆಮಿನ ಅರ್ಧ ಕೆಲಸವನ್ನು ವಿಂಡೋಸ್ ಡ್ರೈವರಿಗೇ ಒಪ್ಪಿಸಿ ಬೆಲೆ ಇಳಿಸಿದ್ದರು. ವಿಂಡೋಸ್ ಹೊಸದಾಯಿತು, ಡ್ರೈವರ್ ಹೊಸದಾಗಲಿಲ್ಲ, ಮೋಡೆಮ್ ಗುಜರಿಗೆ ಹೋಯಿತು.

ಮುಕ್ತವಾದ ಮಾತು ಯಾವುದು? ಅಮೆರಿಕದ ಹೇಯ್ಸ್ ಕಂಪನಿ 1981ರಲ್ಲಿ ತನ್ನ ಸ್ಮಾರ್ಟ್‌ಮೋಡೆಮಿಗೆ ಕೊಟ್ಟ ‘ಎಟಿ’ ಆದೇಶಗಳು. ನಾಲ್ಕು ದಶಕ ಕಳೆದರೂ ಸಿಮ್ ಹಾಕುವ ಇಂದಿನ 4ಜಿ ಮೋಡೆಮ್ ಮಾಡ್ಯೂಲುಗಳು ಅದನ್ನೇ ಆಡುತ್ತವೆ. ಯುಎಸ್‌ಬಿಯಲ್ಲಿ ಇದಕ್ಕೆ ಜೋಡಿಯಾಗಿ ‘ಸಿಡಿಸಿ-ಎಸಿಎಂ’ ಎಂಬ ಸಾಮಾನ್ಯ ವರ್ಗವಿದೆ. ಈ ವರ್ಗದ ಮೋಡೆಮನ್ನು ಲಿನಕ್ಸ್ ಕಂಪ್ಯೂಟರಿಗೆ ಸಿಕ್ಕಿಸಿದರೆ ಸಿಡಿ ಬೇಡ, ಡೌನ್‌ಲೋಡ್ ಬೇಡ, ಒಂದು ಸೀರಿಯಲ್ ಪೋರ್ಟ್ ತಾನಾಗಿ ಮೂಡುತ್ತದೆ. ಹಾಗಾಗಿ ಅಂಗಡಿಯಲ್ಲಿ ಬೆಲೆಗಿಂತ ಮೊದಲು ಕೇಳಬೇಕಾದದ್ದು, ಇದಕ್ಕೆ ಬೇರೆ ಡ್ರೈವರ್ ಹಾಕಬೇಕೇ ಎಂದು. ‘ಹಾಕಬೇಕು’ ಎಂಬ ಉತ್ತರ ಬಂದರೆ ಅದನ್ನು ಬಿಟ್ಟು ಮುಂದಿನದನ್ನು ನೋಡುವುದೇ ಸರಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಅಗ್ಗದ ಮಾಡ್ಯೂಲುಗಳಿಗೆ ನೇರ ಯುಎಸ್‌ಬಿ ಇರುವುದಿಲ್ಲ, ನಡುವೆ ಒಂದು ಸೀರಿಯಲ್ ಪರಿವರ್ತಕ ಚಿಪ್ ಬೇಕು. ಸಿಪಿ2102, ಸಿಎಚ್340 ಎರಡಕ್ಕೂ ಲಿನಕ್ಸಿನೊಳಗೇ ಡ್ರೈವರ್ ಇದೆ. ಎಫ್‌ಟಿಡಿಐ, ಪ್ರಾಲಿಫಿಕ್ ಕಂಪನಿಗಳ ಚಿಪ್ಪುಗಳೂ ಚೆನ್ನಾಗಿಯೇ ಇವೆ, ಆದರೆ ಅವುಗಳ ನಕಲು ಪೇಟೆಯಲ್ಲಿ ವಿಪರೀತ. 2014ರ ಅಕ್ಟೋಬರಿನಲ್ಲಿ ವಿಂಡೋಸ್ ಅಪ್‌ಡೇಟ್ ಮೂಲಕ ಬಂದ ಎಫ್‌ಟಿಡಿಐ ಡ್ರೈವರ್ ನಕಲಿ ಚಿಪ್ಪುಗಳ ಗುರುತಿನ ಸಂಖ್ಯೆಯನ್ನೇ ಅಳಿಸಿ ಸೊನ್ನೆ ಮಾಡಿತು. ನಕಲಿಯೆಂದು ತಿಳಿಯದೆ ಕೊಂಡ ಎಷ್ಟೋ ಜನರ ಸಾಧನಗಳು ಇದ್ದಕ್ಕಿದ್ದಂತೆ ನಿಂತವು. ನಕಲು ಮಾಡಿದವರ ತಪ್ಪಿಗೆ ಬಳಸುವವರನ್ನು ದಂಡಿಸಿದ ಆ ಕ್ರಮ ನನಗೆ ಇಂದಿಗೂ ಸರಿ ಕಾಣುವುದಿಲ್ಲ.

ಲ್ಯಾಂಡ್‌ಲೈನ್ ಇರುವ ಮನೆಗಳು ಗದಗದಲ್ಲಿ ಇನ್ನೂ ಇವೆ. ಅದನ್ನು ಕಂಪ್ಯೂಟರಿಗೆ ಜೋಡಿಸುವವರು ಕಾಲರ್ ಐಡಿ ಬಗ್ಗೆ ಒಂದು ಸಂಗತಿ ತಿಳಿದಿರಬೇಕು. ಅಮೆರಿಕದಲ್ಲಿ ಕರೆದವರ ನಂಬರು ಮೊದಲನೆಯ ಮತ್ತು ಎರಡನೆಯ ರಿಂಗಿನ ನಡುವೆ, ಎಫ್‌ಎಸ್‌ಕೆ ಎಂಬ ದತ್ತಾಂಶ ರೂಪದಲ್ಲಿ ಬರುತ್ತದೆ. ನಮ್ಮ ತಾಮ್ರದ ಲೈನುಗಳಲ್ಲಿ ಹೆಚ್ಚಾಗಿ ಬೇರೆ ಕ್ರಮ: ರಿಂಗಿಗೆ ಮೊದಲೇ ಲೈನಿನ ಧನ ಋಣ ತಂತಿಗಳು ಅದಲುಬದಲಾಗುತ್ತವೆ, ಒಡನೆ ಗುಂಡಿ ಒತ್ತಿದಾಗ ಕೇಳುವಂಥ ಡಿಟಿಎಂಎಫ್ ಸ್ವರಗಳಲ್ಲಿ ನಂಬರು ಹಾದುಹೋಗುತ್ತದೆ. ಎಫ್‌ಎಸ್‌ಕೆಗೆ ಮಾತ್ರ ಕಿವಿಗೊಡುವ ಆಮದು ಮೋಡೆಮ್ ಇದನ್ನು ಕೇಳಿಸಿಕೊಳ್ಳುವುದೇ ಇಲ್ಲ. ರಿಂಗ್ ಆಯಿತೆಂದು ಹೇಳುತ್ತದೆ, ಯಾರದೆಂದು ಹೇಳದು. ಆಸ್ಟರಿಸ್ಕ್ ಎಂಬ ಮುಕ್ತ ಟೆಲಿಫೋನ್ ತಂತ್ರಾಂಶ ಬರೆದವರು ಇದನ್ನು ಗಮನಿಸಿ ‘ಪೋಲಾರಿಟಿ ಐಎನ್’ ಎಂಬ ಆಯ್ಕೆಯನ್ನೇ ಸೇರಿಸಿದ್ದಾರೆ. ಆ ‘ಐಎನ್’ ನಮ್ಮ ದೇಶದ ಸಂಕೇತ. ಮೋಡೆಮಿನ ಕೈಪಿಡಿಯಲ್ಲಿ ಡಿಟಿಎಂಎಫ್ ಕಾಲರ್ ಐಡಿ ಎಂಬ ಮಾತಿಲ್ಲದಿದ್ದರೆ ತಾಮ್ರದ ಲೈನಿಗೆ ಅದನ್ನು ಕೊಳ್ಳಬಾರದು.

ಫೈಬರ್ ಬಂದ ಮನೆಗಳಲ್ಲಿ ಈ ಕಷ್ಟ ಕಡಿಮೆ. ಗೋಡೆಯ ಮೇಲಿನ ಓಎನ್‌ಟಿ ಪೆಟ್ಟಿಗೆಯಿಂದ ಹೊರಡುವ ಫೋನ್ ಲೈನು ನಿಜಕ್ಕೂ ಇಂಟರ್‌ನೆಟ್ ಮಾದರಿಯ ಕರೆಯೇ. ಇಲ್ಲಿ ಗ್ರ್ಯಾಂಡ್‌ಸ್ಟ್ರೀಮ್ ಎಚ್‌ಟಿ813 ತರಹದ ಅಡಾಪ್ಟರ್ ಸೊಗಸಾಗಿ ಕೆಲಸ ಮಾಡುತ್ತದೆ. ಅದಕ್ಕೆ ಲೈನು ತೆಗೆದುಕೊಳ್ಳುವ ತೂತು ಒಂದು, ಫೋನ್ ಸಿಕ್ಕಿಸುವ ತೂತು ಇನ್ನೊಂದು. ಕಂಪ್ಯೂಟರಿನೊಡನೆ ಅದು ‘ಸಿಪ್’ ಎಂಬ ಸಾರ್ವತ್ರಿಕ ನಿಯಮದಲ್ಲಿ, ಮನೆಯ ನೆಟ್‌ವರ್ಕ್ ಕೇಬಲ್ಲಿನ ಮೂಲಕ ಮಾತಾಡುವುದರಿಂದ ಡ್ರೈವರ್ ಎಂಬ ಪ್ರಶ್ನೆಯೇ ಏಳುವುದಿಲ್ಲ. ಇದರ ತಮ್ಮ ಎಚ್‌ಟಿ801ಕ್ಕೆ ಹಳೆಯ ಲ್ಯಾಂಡ್‌ಲೈನ್ ಸೆಟ್ಟನ್ನು ಜೋಡಿಸಿ, ರಿಸೀವರ್ ಎತ್ತಿ ಮನೆಗೆ ಮಾತಿನಲ್ಲೇ ಆಜ್ಞೆ ಕೊಡುವ ವಿಧಾನವನ್ನು ಹೋಮ್ ಅಸಿಸ್ಟೆಂಟ್ ತಂಡ 2023ರಲ್ಲಿ ತೋರಿಸಿಕೊಟ್ಟಿತು. ಅಟ್ಟ ಸೇರಿದ ಬಿಎಸ್ಸೆನ್ನೆಲ್ ಸೆಟ್ಟುಗಳನ್ನು ಯಾರೂ ಗುಜರಿಗೆ ಹಾಕಬೇಡಿ.

ಬಹುಪಾಲು ಮನೆ, ಹೊಲಗಳಿಗೆ ಸಿಮ್ ಹಾಕುವ ಮಾಡ್ಯೂಲೇ ದಾರಿ. ಪೇಟೆಯಲ್ಲಿ ಎಲ್ಲಕ್ಕಿಂತ ಅಗ್ಗವಾಗಿ ಸಿಗುವುದು ಸಿಮ್‌ಕಾಮ್ ಕಂಪನಿಯ ಸಿಮ್800ಎಲ್, ಸಿಮ್900ಎ. ಎರಡೂ 2ಜಿ ಮಾತ್ರ ಬಲ್ಲವು. ಜಿಯೋಗೆ 2ಜಿಯೇ ಇಲ್ಲ, ಅದರ ಸಿಮ್ ಇವುಗಳಲ್ಲಿ ನಡೆಯುವ ಮಾತೇ ಇಲ್ಲ. ಏರ್‌ಟೆಲ್, ವಿಐ, ಬಿಎಸ್ಸೆನ್ನೆಲ್ ಸಿಮ್ ನಡೆಯುತ್ತವೆ. ಏರ್‌ಟೆಲ್ 2020ರಲ್ಲಿ 3ಜಿ ಮುಚ್ಚಿದ್ದನ್ನು ಕಂಡವರಿಗೆ 2ಜಿಯೂ ಎಂದೆಂದಿಗೂ ಇರುವಂಥದ್ದಲ್ಲ ಎಂಬುದು ಗೊತ್ತು. ಹೊಸದಾಗಿ ಕೊಳ್ಳುವವರು ಎ7670ಸಿ ಅಥವಾ ಕ್ವೆಕ್ಟೆಲ್ ಇಸಿ200ಯು ತರಹದ 4ಜಿ ಮಾಡ್ಯೂಲ್ ಆರಿಸುವುದು ಜಾಣತನ. ಆಗಲೂ ಎರಡು ವಿಷಯ ನೋಡಬೇಕು. ಒಂದೇ ಹೆಸರಿನ ಮಾಡ್ಯೂಲ್ ಬೇರೆ ಬೇರೆ ಖಂಡಗಳಿಗೆ ಬೇರೆ ಬೇರೆ ತರಂಗಗಳಲ್ಲಿ ತಯಾರಾಗುತ್ತದೆ, ಅಮೆರಿಕಕ್ಕೆಂದು ಮಾಡಿದ್ದನ್ನು ಅಗ್ಗಕ್ಕೆ ತಂದರೆ ನಮ್ಮ ಟವರ್ ಅದಕ್ಕೆ ಸರಿಯಾಗಿ ಕಾಣದು. ಇಲ್ಲಿ 850, 1800, 2100, 2300 ಮೆಗಾಹರ್ಟ್ಸ್ ಬ್ಯಾಂಡುಗಳು ಬೇಕು. ಇನ್ನೊಂದು, ಡೇಟಾ ಬಂದ ಮಾತ್ರಕ್ಕೆ ಕರೆ ಬರುತ್ತದೆ ಎಂದಲ್ಲ. ಮಾಡ್ಯೂಲಿನಲ್ಲಿ 4ಜಿಯಲ್ಲೇ ಕರೆ ಸಾಗಿಸುವ ವೋಲ್ಟಿ ಇಲ್ಲದಿದ್ದರೆ ಜಿಯೋ ಸಿಮ್ ಹಾಕಿದರೂ ರಿಂಗ್ ಬರುವುದಿಲ್ಲ. ಮಿಸ್ಡ್ ಕಾಲ್ ನಂಬಿ ಮನೆ ನಡೆಸುವವರಿಗೆ ಇದೇ ಮುಖ್ಯ.

ಹಳೆಯ ಇಂಟರ್‌ನೆಟ್ ಡಾಂಗಲುಗಳನ್ನು ಬಳಸಬಹುದೇ ಎಂಬ ಪ್ರಶ್ನೆ ಆಗಾಗ ಬರುತ್ತದೆ. ಹುವಾವೆಯ ಹಳೆಯ 3ಜಿ ಡಾಂಗಲುಗಳು ಮೊದಲು ಸಿಡಿ ಡ್ರೈವ್ ವೇಷದಲ್ಲಿ ಕಾಣಿಸಿಕೊಂಡು, ಒಳಗಿನ ವಿಂಡೋಸ್ ಡ್ರೈವರನ್ನು ಮುಂದೊಡ್ಡುತ್ತವೆ. ಲಿನಕ್ಸಿನಲ್ಲಿ ‘ಯುಎಸ್‌ಬಿ ಮೋಡ್‌ಸ್ವಿಚ್’ ಎಂಬ ಪುಟ್ಟ ತಂತ್ರಾಂಶ ಆ ವೇಷ ಕಳಚುತ್ತದೆ, ಆಮೇಲೆ ಅವು ಎಟಿ ಮಾತಾಡುತ್ತವೆ. ಹೊಸ 4ಜಿ ಡಾಂಗಲುಗಳಲ್ಲಿ ಹಲವು ನೆಟ್‌ವರ್ಕ್ ಕಾರ್ಡಿನಂತೆ ಮಾತ್ರ ವರ್ತಿಸುತ್ತವೆ. ಅವುಗಳಲ್ಲಿ ಕರೆಯೂ ಇಲ್ಲ, ಎಟಿ ಪೋರ್ಟೂ ಇಲ್ಲ.

ತಂದ ಮಾಡ್ಯೂಲ್ ಸರಿಯಿದೆಯೇ ಎಂದು ನೋಡಲು ಪರಿಣತರು ಬೇಕಿಲ್ಲ. ಸೀರಿಯಲ್ ಟರ್ಮಿನಲ್ ತೆರೆದು ಎಟಿ ಎಂಬ ಎರಡಕ್ಷರ ಟೈಪಿಸಿ ಎಂಟರ್ ಒತ್ತಿದರೆ ‘ಓಕೆ’ ಎಂದು ಬರಬೇಕು. ಬಂದರೆ ಡ್ರೈವರ್, ಕೇಬಲ್, ವೇಗ ಎಲ್ಲ ಸರಿ. ಮುಂದೆ ‘ಎಟಿ+ಸಿಎಸ್‌ಕ್ಯೂ’ ಎಂದು ಕೇಳಿದರೆ ಸಿಗ್ನಲ್ಲಿನ ಅಂಕ ಬರುತ್ತದೆ, 0ಯಿಂದ 31ರ ತನಕ. 99 ಬಂದರೆ ಅಳೆಯಲಾಗಲಿಲ್ಲ ಎಂದು ಅರ್ಥ. 10 ಅಂದರೆ ಮೈನಸ್ 93 ಡೆಸಿಬೆಲ್ ಮಿಲಿವಾಟ್. ಅದಕ್ಕಿಂತ ಕೆಳಗಿದ್ದರೆ ಆ ಜಾಗ ದುರ್ಬಲ. ಗುಡ್ಡದ ಮರೆಯ ಊರುಗಳಲ್ಲಿ ಇದೇ ಅಂಕ ನೋಡುತ್ತ ಆಂಟೆನಾವನ್ನು ಕಿಟಕಿಗೆ, ಮಾಳಿಗೆಗೆ ಸರಿಸಿದರೆ ಎಲ್ಲಿಡಬೇಕೆಂಬುದು ತಾನೇ ತಿಳಿಯುತ್ತದೆ. ಕಬ್ಬಿಣದ ಸ್ಟಾರ್ಟರ್ ಡಬ್ಬಿಯೊಳಗೆ ಆಂಟೆನಾ ಇಟ್ಟು ಮುಚ್ಚಿದರೆ ಅಂಕ ಪಾತಾಳಕ್ಕೆ ಇಳಿಯುತ್ತದೆ. ಕಡೆಗೆ ‘ಎಟಿ+ಸಿಎಲ್‌ಐಪಿ=1’ ಕೊಟ್ಟು ನಿಮ್ಮ ಮೊಬೈಲಿನಿಂದ ರಿಂಗ್ ಮಾಡಿ. ಪರದೆಯ ಮೇಲೆ ನಿಮ್ಮ ನಂಬರೇ ಮೂಡಿದರೆ ಮನೆಗೆ ಕಿವಿ ಬಂದಂತಾಯಿತು.

ಕರೆಂಟ್ ವಿಚಾರದಲ್ಲಿ ಬಹಳ ಜನ ಎಡವುತ್ತಾರೆ. ಸಿಮ್800ಎಲ್‌ಗೆ ಬೇಕಾದ್ದು 3.4ರಿಂದ 4.4 ವೋಲ್ಟ್. ಕೈಗೆ ಸಿಗುವ 5 ವೋಲ್ಟ್ ನೇರವಾಗಿ ಕೊಟ್ಟರೆ ಕೆಡುತ್ತದೆ, 3.3 ಕೊಟ್ಟರೆ ಸಾಲದು. 2ಜಿಯಲ್ಲಿ ಕರೆ ನಡೆಯುವಾಗ ಅದು ಸೆಕೆಂಡಿಗೆ ಇನ್ನೂರಕ್ಕೂ ಹೆಚ್ಚು ಸಲ ಕ್ಷಣಮಾತ್ರ 2 ಆ್ಯಂಪಿಯರ್ ತನಕ ಎಳೆಯುತ್ತದೆ. ಹಳೆಯ ಮೊಬೈಲನ್ನು ರೇಡಿಯೊ ಪಕ್ಕ ಇಟ್ಟಾಗ ಕೇಳುತ್ತಿದ್ದ ಗುರುಗುರು ಸದ್ದು ಆ ಮಿಡಿತದ್ದೇ. ಯುಎಸ್‌ಬಿ ಪೋರ್ಟಿಗೆ ಅಷ್ಟು ಕಸುವು ಇರುವುದಿಲ್ಲ, ಮಾಡ್ಯೂಲ್ ಕರೆ ಬಂದಾಗಲೆಲ್ಲ ಸತ್ತು ಹುಟ್ಟುತ್ತದೆ. ಜನ ಡ್ರೈವರನ್ನು ಬೈಯುತ್ತಾರೆ, ದೋಷ ಅಡಾಪ್ಟರಿನದು. ಒಳ್ಳೆಯ 2 ಆ್ಯಂಪಿಯರ್ ಪೂರೈಕೆ, ಕಾಲುಗಳ ಹತ್ತಿರವೇ ಒಂದು 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಇಟ್ಟರೆ ಮುಗಿಯಿತು. ಕರೆಂಟ್ ಹೋದ ಸುದ್ದಿಯನ್ನೇ ತಿಳಿಸಬೇಕಾದ ಯಂತ್ರಕ್ಕೆ ಬ್ಯಾಟರಿ ಬೇಕೇಬೇಕು. ಓಎನ್‌ಟಿ, ಪೈ, ಮಾಡ್ಯೂಲ್ ಮೂರೂ ಇನ್ವರ್ಟರಿನ ಮೇಲಿರಲಿ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ತಾಮ್ರದ ಫೋನ್ ಲೈನು ಸಿಡಿಲಿನ ಹೊಡೆತವನ್ನು ಮನೆಯೊಳಗೆ ಕರೆತರುತ್ತದೆ. ಲೈನಿಗೆ ಸರ್ಜ್ ಅರೆಸ್ಟರ್ ಮತ್ತು ಗಟ್ಟಿ ಅರ್ಥಿಂಗ್ ಇಲ್ಲದೆ ಕಂಪ್ಯೂಟರ್ ಜೋಡಿಸಬೇಡಿ.

ಇನ್ನು ಆದೇಶ ಕೊಡುವ ಬಗೆ. ಕಾಲೇಜು ಪ್ರಾಜೆಕ್ಟುಗಳಲ್ಲಿ ಎಲ್ಲರೂ ಮಾಡುವುದು ಡಿಟಿಎಂಎಫ್: ಮೊಬೈಲಿನ ಇಯರ್‌ಫೋನ್ ತೂತಿನಿಂದ ಎಂಟಿ8870 ಚಿಪ್ಪಿಗೆ ತಂತಿ. 1963ರಲ್ಲಿ ಅಮೆರಿಕದ ಬೆಲ್ ಕಂಪನಿ ತಂದ ಈ ಕ್ರಮದಲ್ಲಿ ಪ್ರತಿ ಗುಂಡಿಗೂ ಎರಡು ಸ್ವರ. 5 ಒತ್ತಿದರೆ 770 ಮತ್ತು 1336 ಹರ್ಟ್ಸ್ ಒಟ್ಟಿಗೆ ಹೊರಡುತ್ತವೆ. ತಾಮ್ರದ ಲೈನಿಗೆ ಇದು ಇಂದಿಗೂ ಚೆನ್ನ. 4ಜಿ ಕರೆಯಲ್ಲಿ ಗುಂಡಿಯ ಒತ್ತು ಸ್ವರವಾಗಿ ಹೋಗುವುದಿಲ್ಲ, ಬೇರೆಯೇ ಸಂಕೇತವಾಗಿ ಹೋಗುತ್ತದೆ. ಆ ಕಡೆಯ ಫೋನ್ ಅದನ್ನು ಮತ್ತೆ ಸ್ವರ ಮಾಡಿ ನುಡಿಸುತ್ತದೆಂಬ ಭರವಸೆ ಇಲ್ಲ. ಹೊಸ ಫೋನಿಗೆ ಹಳೆಯ ಕಿಟ್ ಸಿಕ್ಕಿಸಿದವರಿಗೆ ಅದು ಕೈಕೊಡುವುದು ಇದಕ್ಕೇ. ಹಾಗಾಗಿ ಶುರು ಮಾಡಲು ರಿಂಗ್, ವಿವರ ಬೇಕಾದಲ್ಲಿ ಎಸ್ಸೆಮ್ಮೆಸ್, ಇಷ್ಟೇ ಸಾಕು.

ಕರೆದವರ ನಂಬರು ಬೀಗದ ಕೈ ಅಲ್ಲ, ಅದನ್ನು ನಕಲು ಮಾಡಿ ತೋರಿಸಬಲ್ಲವರಿದ್ದಾರೆ. ನೀರಿನ ಮೋಟರ್, ಅಂಗಳದ ದೀಪ ಮಿಸ್ಡ್ ಕಾಲಿಗೆ ಓಗೊಡಲಿ. ಬಾಗಿಲು, ಗ್ಯಾಸ್ ಓಗೊಡಬಾರದು. ಮನೆಮಂದಿಯ ನಾಲ್ಕಾರು ನಂಬರು ಬಿಟ್ಟು ಉಳಿದ ಕರೆಗಳನ್ನು ತಂತ್ರಾಂಶ ಕಡೆಗಣಿಸಲಿ. ಹೊತ್ತು ಮೀರಿದರೆ ಮೋಟರ್ ತಾನೇ ನಿಲ್ಲಬೇಕು, ನೀರಿಲ್ಲದೆ ಒಣಗಿ ತಿರುಗಿದರೂ ನಿಲ್ಲಬೇಕು. ಇಂಟರ್‌ನೆಟ್ಟಿನಿಂದ ಬಂದ ಪರರ ಕರೆಗಳನ್ನು ಮನೆಯ ಸಿಮ್ ಮೂಲಕ ದಾಟಿಸುವ ಪ್ರಯೋಗಕ್ಕೆ ಯಾರೂ ಕೈಹಾಕಬೇಡಿ. ಪೊಲೀಸರು ‘ಸಿಮ್ ಬಾಕ್ಸ್’ ಎಂದು ಹಿಡಿಯುವುದು ಅದನ್ನೇ, ಅದು ಅಪರಾಧ.

ಹೊಲದವರಿಗೆ ಒಂದು ವಿಶೇಷ ಮಾತು. ಇಂಡಕ್ಷನ್ ಮೋಟರ್ ಶುರುವಾಗುವ ಕ್ಷಣದಲ್ಲಿ ತನ್ನ ಮಾಮೂಲಿ ಕರೆಂಟಿನ ಐದಾರು ಪಟ್ಟು ಎಳೆಯುತ್ತದೆ. ವಿದ್ಯುತ್ ಕಂಪನಿ ಹೆಸ್ಕಾಂ ತ್ರೀಫೇಸ್ ಕೊಟ್ಟ ಮರುಗಳಿಗೆಯಲ್ಲೇ ಒಂದು ಟಿಸಿಯ (ಟ್ರಾನ್ಸ್‌ಫಾರ್ಮರಿನ) ಮೇಲಿನ ಆಟೋ ಸ್ಟಾರ್ಟರುಗಳೆಲ್ಲ ಒಟ್ಟಿಗೆ ಎದ್ದರೆ ಟಿಸಿ ಸುಡುತ್ತದೆ, ಆಮೇಲೆ ಬೆಳೆ ಒಣಗುವುದು ಎಲ್ಲರದೂ. ಸಿಮ್ ಸ್ಟಾರ್ಟರುಗಳಲ್ಲಿ ಕಾಯುವ ಹೊತ್ತನ್ನು ಹೊಂದಿಸಲು ಬರುತ್ತದೆ. ನೆರೆಹೊಲದವರು ಕೂತು ಮಾತಾಡಿ ಒಬ್ಬರು ಎರಡು ನಿಮಿಷ, ಇನ್ನೊಬ್ಬರು ನಾಲ್ಕು ನಿಮಿಷ ಎಂದು ಹಂಚಿಕೊಂಡರೆ ಕಾಸಿಲ್ಲದೆ ಟಿಸಿ ಉಳಿಯುತ್ತದೆ. ಏಷ್ಯಾದ ಮೊದಲ ಕೃಷಿ ಸಹಕಾರಿ ಪತ್ತಿನ ಸಂಘವೆಂದು ಹೆಸರಾದ 1905ರ ಸಂಘ ಹುಟ್ಟಿದ್ದು ಇದೇ ಗದಗ ಸೀಮೆಯ ಕಣಗಿನಹಾಳದಲ್ಲಿ. ಹಂಚಿಕೊಂಡು ನಡೆಯುವುದು ಇಲ್ಲಿಯವರಿಗೆ ಹೊಸದಲ್ಲ.

ಕೊಳ್ಳಲು ಹೋಗುವಾಗ ನಿಮ್ಮ ಸಿಮ್ ಜೊತೆಗಿರಲಿ. ಅಂಗಡಿಯಲ್ಲೇ ಹಾಕಿಸಿ, ರಿಂಗ್ ಬರುವುದನ್ನು ನೋಡಿ ದುಡ್ಡು ಕೊಡಿ. ರೀಚಾರ್ಜ್ ತಪ್ಪಿದರೆ ಒಳಬರುವ ಕರೆಯೂ ನಿಲ್ಲುವುದರಿಂದ ಕೊನೆಯ ದಿನಾಂಕವನ್ನು ಡಬ್ಬಿಯ ಬಾಗಿಲ ಒಳಮೈಗೆ ಕನ್ನಡದಲ್ಲಿ ಬರೆದು ಅಂಟಿಸಿ, ಜೊತೆಗೆ ಸಿಮ್ ನಂಬರ್, ಯಾವ ತಂತಿ ಎಲ್ಲಿಗೆ ಎಂಬ ಚಿತ್ರವೂ ಇರಲಿ. ಹೊಂದಿಸಿಕೊಟ್ಟ ಹುಡುಗ ನಾಳೆ ಬೆಂಗಳೂರಿಗೆ ಹೋದರೂ ಊರಿನ ಎಲೆಕ್ಟ್ರಿಷಿಯನ್ ಅದನ್ನು ಓದಿ ರಿಪೇರಿ ಮಾಡುವಂತಿರಬೇಕು. ಬೋರ್ಡಿನ ಮೇಲಿನ ಹಸಿರು, ಕೆಂಪು ಗುಂಡಿಗಳನ್ನು ಮಾತ್ರ ಕೀಳಿಸಬೇಡಿ. ಸಿಮ್, ಸಿಗ್ನಲ್, ಕಂಪ್ಯೂಟರ್ ಮೂರೂ ಕೈಕೊಟ್ಟ ದಿನ ಮನೆಯ ಹಿರಿಯರು ಕೈಯಿಂದ ಒತ್ತಿದರೆ ಮೋಟರ್ ಶುರುವಾಗುವಂತೆ ವೈರಿಂಗ್ ಮಾಡಿಸಿಕೊಳ್ಳಿ.